ನಮ್ಮ ಬೀದಿಯ ಇತಿಹಾಸ, ಏಳನೇ ತರಗತಿ

ಸೆಪ್ಟೆಂಬರ್ 2, ಸೋಮವಾರ. ಸಂಜೆ 5:10

ಮೂರನೇ ಪೀರಿಯಡ್. ಪಾಠ ನಾಲ್ಕು, 'ಕೈಗಾರಿಕೆಗಳ ಬೆಳವಣಿಗೆ'. ಹನ್ನೊಂದು ಪುಟ. ಓದಿಸಿದೆ, ಬರೆಸಿದೆ, ಪ್ರಶ್ನೆ ಕೇಳಿದೆ. ಮೂವತ್ತಾರು ಮಕ್ಕಳಲ್ಲಿ ಕೈ ಎತ್ತಿದ್ದು ಐದು ಜನ. ಯಾವಾಗಲೂ ಎತ್ತುವ ಅದೇ ಐದು. ಉಳಿದವರು ಗಡಿಯಾರ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಕಿಟಕಿ ಪಕ್ಕ ಕೂರುವ ಹುಡುಗಿ — ನನ್ನ ಲೆಕ್ಕದಲ್ಲಿ ಅವಳೇ 'ಕಿಟಕಿ' — ಇವತ್ತೂ ಓದಲಿಲ್ಲ. ಎದ್ದು ನಿಂತಳು, ಪುಸ್ತಕ ಹಿಡಿದಳು, ಒಂದು ಸಾಲು ತಡವರಿಸಿ ನಿಲ್ಲಿಸಿದಳು. "ಅಕ್ಷರ ನಿಲ್ಲಲ್ಲ ಮಿಸ್. ಓಡ್ತವೆ." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಅಂದರು. ಆದರೆ ಕಳೆದ ವಾರ ನಾನು ಬಾಯಲ್ಲಿ ಹೇಳಿದ್ದನ್ನೆಲ್ಲ ಹಾಗೇ ಒಪ್ಪಿಸುತ್ತಾಳೆ. ನಡುವೆ ನಾನು ಕೆಮ್ಮಿದ್ದನ್ನೂ ಸೇರಿಸಿ. ಹದಿಮೂರು ವರ್ಷದ ಹುಡುಗಿ. ಪರೀಕ್ಷೆಯಲ್ಲಿ ಏಳು ಅಂಕ. ತಪ್ಪು ಅವಳದೋ, ಪರೀಕ್ಷೆಯದೋ...

ಮನೆಗೆ ಬಂದರೂ ಕೂರಲಾಗುತ್ತಿಲ್ಲ. ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಇವರು ನೋಡಿ ನಕ್ಕರು. "ಮೈಮೇಲೆ ಇರುವೆ ಬಿಟ್ಕೊಂಡವರ ಹಾಗೆ ಆಡ್ತೀಯಲ್ಲ, ಏನಾಯ್ತು?" ಇವರದು ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ. ಓದಿದರೆ ಮುಗಿಯಿತು. ಮೀಟರ್ ತಿರುಗಿ ಆಕಳಿಸುವುದಿಲ್ಲ.

ಸೆಪ್ಟೆಂಬರ್ 5, ಗುರುವಾರ. ಮಧ್ಯಾಹ್ನ, ಸ್ಟಾಫ್ ರೂಮ್

ಹೊಳೆದದ್ದು ಬಸ್ ಇಳಿದು ನಡೆಯುವಾಗ. ಶಾಲೆಯ ಹಿಂದೆಯೇ ಹಳೇ ನೂಲಿನ ಗಿರಣಿಯ ಗೋಡೆ. ಹತ್ತಡಿ ಎತ್ತರ, ಕಾಲು ಮೈಲಿ ಉದ್ದ. ಹದಿನಾಲ್ಕು ವರ್ಷದಿಂದ ಆ ಗೋಡೆ ಹಿಡಿದೇ ಓಡಾಡುತ್ತಿದ್ದೇನೆ. ಪುಸ್ತಕದಲ್ಲಿ ಕೈಗಾರಿಕೆ, ಗೋಡೆಯಾಚೆ ಗಿರಣಿ — ನಡುವೆ ನಾನು ಪುಟ ತಿರುವುತ್ತಿದ್ದೇನೆ!

ಪ್ಲಾನ್: ನಾಲ್ಕು ನಾಲ್ಕು ಜನರ ಗುಂಪು. ಪ್ರತಿ ಗುಂಪಿಗೂ ಬೀದಿಯ ಒಬ್ಬ ಹಿರಿಯರು. ಒಬ್ಬರು ಕೇಳುವುದು, ಒಬ್ಬರು ಕಿವಿಗೊಡುವುದು, ಒಬ್ಬರು ಬರೆಯುವುದು, ಒಬ್ಬರು ಚಿತ್ರ ಬಿಡಿಸುವುದು. ಕಿವಿಗೆ ಮೆಷಿನ್ ಹಾಕುವ ಹುಡುಗ ಚಿತ್ರ ಬಿಡಿಸಲಿ, ಅವನ ಕೈ ಚೆನ್ನಾಗಿದೆ. ಈ ವರ್ಷ ಸೇರಿದ, ನಮ್ಮ ಮಾತು ಇನ್ನೂ ಪೂರ್ತಿ ಬಾರದ ಹುಡುಗಿ ತನ್ನ ತಾತನನ್ನೇ ತನ್ನ ಭಾಷೆಯಲ್ಲಿ ಕೇಳಿಕೊಂಡು ಬರಲಿ. ಕಿಟಕಿ... ಕಿಟಕಿ ಬರೆಯುವುದೇ ಬೇಡ. ಕೇಳಿಸಿಕೊಂಡು ಬಂದು ಹೇಳಿದರೆ ಸಾಕು. ನಿಜ ಹೇಳಬೇಕೆಂದರೆ ಈ ಪಾಠವನ್ನು ಅವಳ ಅಳತೆಗೇ ಹೊಲಿದದ್ದು.

ಹೆಡ್ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಪೋರ್ಷನ್ ಯಾರು ಮುಗಿಸ್ತಾರೆ? ಮೊದಲು ಪಾಠ ಮುಗಿಸಿ, ಆಮೇಲೆ ಬೀದಿ ಸುತ್ತಿ." ಕೊನೆಗೆ ಎರಡು ವಾರ ಕೊಟ್ಟರು.

ಸೆಪ್ಟೆಂಬರ್ 11, ಬುಧವಾರ

ಕ್ಲಾಸಿನಲ್ಲಿ ಒಂದು ಮೂಲೆಯಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿದ್ದೇವೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ವರ್ಷವಾರು ಚೀಟಿ. ಗಿರಣಿಯ ಮೊದಲ ಸೈರನ್. ಮೊದಲ ಸಂಪು. ಬಸ್ ಬಂದ ವರ್ಷ. ಒಬ್ಬ ತಾತ ನೂಲು ಸುತ್ತುವ ಕಬ್ಬಿಣದ ಕದಿರು ಕೊಟ್ಟು ಕಳಿಸಿದ್ದಾರೆ. ಮೂವತ್ತಾರು ಜನರೂ ಮುಟ್ಟಿ ನೋಡಿದರು. ಗಲಾಟೆಯೋ ಗಲಾಟೆ. ಪಕ್ಕದ ಲೆಕ್ಕದ ಮೇಷ್ಟರು ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದರು.

ಬಾಯಿಗೆ ಬೀಗವೇ ಇಲ್ಲದ ನಮ್ಮ 'ರೇಡಿಯೋ' ಒಬ್ಬಳೇ ಹದಿನೇಳು ಚೀಟಿ ತಂದಳು. ಅರ್ಧ ಅವಳ ಅಜ್ಜಿಯ ಚಾಡಿ.

ಹೆಡ್ ಮೇಡಂಗೆ ಈಗ ಇದು ತಮ್ಮದೇ ಐಡಿಯಾ. ಇಲಾಖೆಗೆ ಫೋನ್ ಮಾಡಿದ್ದಾರೆ. ಹದಿನೆಂಟಕ್ಕೆ ಆಫೀಸರ್ ಬಂದು ಕ್ಲಾಸ್ ನೋಡುತ್ತಾರಂತೆ, ವಿಡಿಯೋ ಕೂಡ ಬೇಕಂತೆ. ತರಬೇತಿ ವಿಭಾಗಕ್ಕೆ ಒಬ್ಬರನ್ನು ಹುಡುಕುತ್ತಿದ್ದಾರಂತೆ. "ನಿಮಗೆ ಒಳ್ಳೇ ಚಾನ್ಸು," ಅಂದರು. ಹದಿನಾಲ್ಕು ವರ್ಷ ಅದೇ ರೂಮು, ಅದೇ ಬೋರ್ಡು, ಅದೇ ಹನ್ನೊಂದು ಪುಟ. ಬಸ್ಸಿನಲ್ಲಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ. ಯೋಚನೆ ಎಲ್ಲೋ ಇತ್ತು.

ಸೆಪ್ಟೆಂಬರ್ 17, ಮಂಗಳವಾರ. ಸಂಜೆ 6

ನಾಲ್ಕು ಗಂಟೆಗೆ ರಿಹರ್ಸಲ್. ಕಿಟಕಿ ಎದ್ದು ಹೇಳಿದಳು. ಗಿರಣಿಯ ಗೇಟಿನೆದುರು ಬಟ್ಟೆ ಹೊಲಿಯುವ ಅಜ್ಜಿಯ ಹತ್ತಿರ ಹೋಗಿದ್ದಳು — ಮಕ್ಕಳ ಬಾಯಲ್ಲಿ ಟೈಲರಜ್ಜಿ. ಹನ್ನೆರಡು ವರ್ಷದ ಹಿಂದೆ ಗಿರಣಿಗೆ ಬೆಂಕಿ ಬಿದ್ದ ಕಥೆ. ಹೊಗೆ ಶಾಲೆಯಿಂದ ನಾನೂ ಕಂಡಿದ್ದೆ, ಒಳಗಿನ ಕಥೆ ಕೇಳಿರಲಿಲ್ಲ. ಮಧ್ಯಾಹ್ನದ ಪಾಳಿ. ಹತ್ತಿಯ ಶೆಡ್ಡು. ಮೂವರು ಹೆಂಗಸರು ಹೊರಗೆ ಬರಲೇ ಇಲ್ಲ. ಅವರಲ್ಲಿ ಒಬ್ಬಳಿಗೆ ಎಂಟು ತಿಂಗಳ ಕೂಸು, ಅದು ಗಿರಣಿಯದೇ ತೊಟ್ಟಿಲ ಕೋಣೆಯಲ್ಲಿತ್ತಂತೆ, ಉಳಿಯಿತಂತೆ. ಪಕ್ಕದ ಮೆಷಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಮರುದಿನ ಬಂದು ಎತ್ತಿಕೊಂಡು ಹೋದಳಂತೆ. ಮದುವೆಯೇ ಆಗಲಿಲ್ಲವಂತೆ, ಆ ಕೂಸಿಗಾಗಿ.

ಹೇಗೆ ಹೇಳಿದಳು! ಅಜ್ಜಿಯ ನಿಟ್ಟುಸಿರು, ಅಜ್ಜಿ ಸೂಜಿಗೆ ದಾರ ಪೋಣಿಸಲು ಮಾತು ನಿಲ್ಲಿಸಿದ್ದು, ಎಲ್ಲ. ರೇಡಿಯೋ ಜ್ವರ ಅಂತ ಬಂದಿರಲಿಲ್ಲ, ಆದರೂ ಕ್ಲಾಸ್ ಅಷ್ಟು ನಿಶ್ಶಬ್ದವಾಗಿದ್ದು ಅದಕ್ಕಲ್ಲ. ನನ್ನ ತೋಳಿನ ಕೂದಲು ಎದ್ದು ನಿಂತವು. ನಾಳೆ ಇವಳದೇ ಕೊನೆಯಲ್ಲಿ ಇರಲಿ ಅಂದೆ.

ನಾಳೆಯ ಬಟ್ಟೆ ಇಸ್ತ್ರಿ ಆಗಿದೆ.

ಸೆಪ್ಟೆಂಬರ್ 18, ಬುಧವಾರ

ಬರೆಯಲಾರೆ.

ಸೆಪ್ಟೆಂಬರ್ 23, ಸೋಮವಾರ. ಬೆಳಗ್ಗೆ 6:30

ಕಿಟಕಿ ಶಾಲೆಗೆ ಬರದೆ ಇದು ನಾಲ್ಕನೇ ದಿನ ಆಗುತ್ತದೆ. ಬರೆದಿಡಬೇಕು.

ಅವತ್ತು ಆಫೀಸರ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹೆಡ್ ಮೇಡಂ ಪಕ್ಕದಲ್ಲಿ. ಲೆಕ್ಕದ ಮೇಷ್ಟರ ಕೈಯಲ್ಲಿ ನನ್ನ ಫೋನು, ವಿಡಿಯೋ. ಎಲ್ಲ ಗುಂಪುಗಳೂ ಚೆನ್ನಾಗಿ ಮಾಡಿದವು. ಹೊಸ ಹುಡುಗಿ ತಾತನ ಮಾತನ್ನು ಅರ್ಧ ತನ್ನ ಭಾಷೆ, ಅರ್ಧ ಕೈಸನ್ನೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಕೊನೆಗೆ ಕಿಟಕಿ. ಹಿಂದಿನ ದಿನಕ್ಕಿಂತಲೂ ಚೆನ್ನಾಗಿ ಹೇಳಿದಳು. ಮುಗಿಸಿದಳು.

ರೇಡಿಯೋ ಎದ್ದು ನಿಂತಳು. ಜ್ವರ ಬಿಟ್ಟು ಅವತ್ತೇ ಬಂದಿದ್ದಳು. ಅವಳಲ್ಲಿ ಕೆಟ್ಟತನ ಇಲ್ಲ. ಗೊತ್ತಿರುವ ಉತ್ತರ ಹೇಳುವ ಉತ್ಸಾಹ, ಅಷ್ಟೇ.

"ಮಿಸ್, ಆ ಪಾಪು ಇವಳೇ ಅಲ್ವಾ? ನಮ್ಮಜ್ಜಿ ಹೇಳಿದ್ರು."

ಕಿಟಕಿ ಮೊದಲು ನಕ್ಕಳು. ಜೋಕ್ ಅಂದುಕೊಂಡಳು. ನಂತರ ಸುತ್ತ ನೋಡಿದಳು. ಅದೇ ಬೀದಿಯ ಏಳೆಂಟು ಮಕ್ಕಳು ತಲೆ ತಗ್ಗಿಸಿದ್ದರು. ಅವರಿಗೆಲ್ಲ ಗೊತ್ತಿತ್ತು. ಇಡೀ ಬೀದಿಗೆ ಗೊತ್ತಿತ್ತು. ಕೊನೆಗೆ ನನ್ನ ಮುಖ ನೋಡಿದಳು.

ನಾನು ಬೇಗ ಮಾತು ಬದಲಿಸಿದೆ. ಏನೋ ಹೇಳಿದೆ — 'ಮೌಖಿಕ ಆಧಾರಗಳ ಮಹತ್ವ' ಅಂತ ಏನೋ. ಬೆಲ್ ಹೊಡೆಯಿತು. ತಿರುಗಿ ನೋಡುವಷ್ಟರಲ್ಲಿ ಅವಳ ಬ್ಯಾಗ್ ಇತ್ತು, ಅವಳಿರಲಿಲ್ಲ.

ಆಫೀಸರ್ ಕೈ ಕುಲುಕಿದರು. "ತುಂಬಾ ಜೀವಂತ ಪಾಠ." ಅವರಿಗೆ ಏನೂ ಅರ್ಥವಾಗಿರಲಿಲ್ಲ. ಮಕ್ಕಳ ತಮಾಷೆ ಅಂದುಕೊಂಡಿದ್ದರು.

ಮರುದಿನ ಟೈಲರಜ್ಜಿಯ ಹತ್ತಿರ ಹೋಗಿದ್ದೆ. ಬಾಯಿ ಬಡಿದುಕೊಂಡರು. "ಅವಳೇ ಇವಳು ಅಂತ ನಂಗೆ ಗುರುತು ಸಿಗಲಿಲ್ಲ ಕಣಮ್ಮ. ಕಣ್ಣು ಮಂಜು. ಯಾವುದೋ ಶಾಲೆ ಮಗು, ಬಂದು ಚೆಂದಾಗಿ ಕೇಳ್ತು, ಹೇಳಿದೆ. ನಿಮ್ಮ ಪಾಠಕ್ಕೆ ಅಂತಲ್ವಾ ಕೇಳಿದ್ದು?"

ಹೌದು. ನಮ್ಮ ಪಾಠಕ್ಕೆ ಅಂತ.

ಸೆಪ್ಟೆಂಬರ್ 26, ಗುರುವಾರ. ಸಂಜೆ 4:45, ಖಾಲಿ ಕ್ಲಾಸಿನಲ್ಲಿ

ಇಲ್ಲೂ ಸುಳ್ಳು ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲೂ.

ಹದಿನೇಳರ ಪುಟ. 'ನನ್ನ ತೋಳಿನ ಕೂದಲು ಎದ್ದು ನಿಂತವು' ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೇನೆ. ಕಥೆ ಚೆನ್ನಾಗಿತ್ತು ಅಂತ ಎದ್ದದ್ದಲ್ಲ ಅವು. ನನಗೆ ಹೊಳೆದಿತ್ತು. ಆಗಲೇ, ಅವಳು 'ಮದುವೆಯೇ ಆಗಲಿಲ್ಲವಂತೆ' ಅಂದಾಗಲೇ. ಅವಳ ದಾಖಲಾತಿ ಫಾರ್ಮು ತುಂಬಿಸಿದ್ದು ನಾನೇ. ತಾಯಿ — ಹಿಂದೆ ಗಿರಣಿಯಲ್ಲಿ ಕೆಲಸ, ಈಗ ಲಾಂಡ್ರಿಯಲ್ಲಿ. ತಂದೆಯ ಕಾಲಂ ಖಾಲಿ. ಹುಟ್ಟಿದ ತಿಂಗಳು ಜುಲೈ, ಬೆಂಕಿ ಬಿದ್ದದ್ದು ಮಾರ್ಚ್. ಎಂಟು ತಿಂಗಳು. ನಿಂತ ಜಾಗದಲ್ಲೇ ಬೆರಳಲ್ಲಿ ಎಣಿಸಿದ್ದೆ.

ಸಂಜೆ ಅವಳ ಮನೆಗೆ ಹೋಗಿ ಬರಬಹುದಿತ್ತು. ಶಾಲೆಯಿಂದ ಹತ್ತು ನಿಮಿಷದ ದಾರಿ. ಕಾಕತಾಳೀಯ ಇರಬಹುದು ಅಂದುಕೊಂಡೆ. ಡೆಮೋ ಮುಗಿಯಲಿ, ಆಮೇಲೆ ಕೇಳಿದರಾಯಿತು ಅಂದುಕೊಂಡೆ. ಇಸ್ತ್ರಿ ಮಾಡುತ್ತಾ ಕೂತೆ. ಆ ಕಥೆ ಕೊನೆಯಲ್ಲಿ ಬಂದರೆ ಪಾಠ ಗೆಲ್ಲುತ್ತದೆ ಅನ್ನುವುದು ಗೊತ್ತಿತ್ತು ನನಗೆ.

ಇವತ್ತು ಇಲಾಖೆಯಿಂದ ಮೇಲ್ ಬಂದಿದೆ. ವಿಡಿಯೋ ಕಳಿಸಿ, ಎಲ್ಲ ಶಾಲೆಗಳಿಗೂ ತೋರಿಸುತ್ತೇವೆ, 'ವಿಶೇಷವಾಗಿ ಬೆಂಕಿಯ ಕಥೆ ಹೇಳಿದ ವಿದ್ಯಾರ್ಥಿನಿಯ ಭಾಗ'. ತರಬೇತಿ ವಿಭಾಗದ ಮಾತುಕತೆಗೆ ಮುಂದಿನ ವಾರ ಬನ್ನಿ ಅಂತಲೂ ಇದೆ. ಹೆಡ್ ಮೇಡಂ ಪ್ರಿಂಟ್ ತೆಗೆದು ನೋಟೀಸ್ ಬೋರ್ಡಿಗೆ ಹಾಕಿದರು.

ಇವರಿಗೆ ಎಲ್ಲ ಹೇಳಿದೆ. ಹದಿನೇಳರದೂ ಸೇರಿಸಿ. ಪೂರ್ತಿ ಕೇಳಿದರು. ನಂತರ, "ನಾಯಿ ಇರೋ ಮನೆಗೂ ಹೋಗ್ಲೇಬೇಕು, ಮೀಟರ್ ಒಳಗಿರುತ್ತೆ," ಅಂದರು. ನಗಿಸಲು ಹೇಳಿದ್ದಲ್ಲ.

ಸೆಪ್ಟೆಂಬರ್ 28, ಶನಿವಾರ. ಮಧ್ಯಾಹ್ನ 1

ಹೋಗಿ ಬಂದೆ.

ಮೂರನೇ ಮಹಡಿ. ಮೆಟ್ಟಿಲ ತುಂಬ ಸೋಪಿನ ಪುಡಿಯ ವಾಸನೆ. ಬಾಗಿಲು ಅರ್ಧ ತೆರೆಯಿತು. ಕಿಟಕಿಯ ಅಮ್ಮ. ನನಗಿಂತ ಚಿಕ್ಕವರು ಅನ್ನುವುದು ಈಗ ಗೊತ್ತಾಯಿತು. ಕೈಯೆಲ್ಲ ನೀರಿನಲ್ಲಿ ನೆನೆದು ಸುಕ್ಕು. ಒಳಗೆ ಕರೆಯಲಿಲ್ಲ.

"ಬ್ಯಾಗ್ ಕೊಡೋಕೆ ಬಂದ್ರಾ?"

"ಹೌದು. ಅಲ್ಲ... ಮಾತಾಡೋಕೆ."

"ಮಾತು ಆಗಿದೆಯಲ್ಲ ಮಿಸ್. ಊರೆಲ್ಲ ಆಗಿದೆ. ಹನ್ನೆರಡು ವರ್ಷ ಒಂದು ಬಾಯಿ ಬಿಡದ ಹಾಗೆ ಕಾದ್ಕೊಂಡು ಬಂದೆ. ಅಂಗಡಿಯವರ ಕೈಕಾಲು ಹಿಡಿದೆ, ಅಕ್ಕಪಕ್ಕದವರ ಕೈಕಾಲು ಹಿಡಿದೆ. ಹದಿನೈದು ತುಂಬಲಿ, ನಾನೇ ಕೂರಿಸ್ಕೊಂಡು ಹೇಳ್ತೀನಿ ಅಂತ. ನಿಮ್ಮ ಪಾಠಕ್ಕೆ ನನ್ನ ಮಗಳೇ ಬೇಕಿತ್ತಾ? ಅದೂ ಆಫೀಸರ್ ಮುಂದೆ! ನಾಳೆ ಯಾರಾದ್ರೂ ಬಂದು ಕಾಗದ ಎಲ್ಲಿ ಅಂದ್ರೆ ಏನ್ ತೋರಿಸಲಿ? ಹೆತ್ತವಳ ತಾಯಿ ಸಾಯೋ ಮುಂಚೆ ನನ್ನ ಮಡಿಲಿಗೆ ಹಾಕಿದ್ದು, ಕಾಗದಕ್ಕೆ ಹಾಕಿದ್ದಲ್ಲ."

"ಆಫೀಸರ್‌ಗೆ ಏನೂ ಅರ್ಥ ಆಗಿಲ್ಲ. ನನ್ನಿಂದ ಅರ್ಥ ಆಗೋದೂ ಇಲ್ಲ."

"ನಿಮಗೇನ್ ಗೊತ್ತಿತ್ತು ಪಾಪ, ಅಂತ ನಿಮ್ಮ ಹೆಡ್ ಮೇಡಂ ಫೋನಲ್ಲಿ ಹೇಳಿದ್ರು."

ಇಲ್ಲಿ ನಿಲ್ಲಿಸಿದ್ದರೆ ನಡೆಯುತ್ತಿತ್ತು. ಪಾಪ ಅನ್ನಿಸಿಕೊಂಡು ಕೆಳಗಿಳಿಯಬಹುದಿತ್ತು.

"ಗೊತ್ತಿತ್ತು," ಅಂದೆ. "ಹಿಂದಿನ ದಿನ ಸಂಜೆಯೇ ಗೊತ್ತಾಗಿತ್ತು. ಲೆಕ್ಕ ಹಾಕಿದ್ದೆ. ಸುಮ್ಮನಿದ್ದೆ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಹರಿದಿದೆಯೇ ಅಂತ ಬಟ್ಟೆ ನೋಡುವ ಹಾಗೆ. ಒಳಗೆ ಏನೋ ಸದ್ದಾಯಿತು — ಕುರ್ಚಿ ಸರಿದದ್ದು. ಕಿಟಕಿ ಕೇಳಿಸಿಕೊಂಡಿದ್ದಳು. ಅವಳ ಕಿವಿ ಬೇರೆ.

"ಹೋಗಿ ಮಿಸ್," ಅಂದರು ಅಮ್ಮ. ಬ್ಯಾಗ್ ತೆಗೆದುಕೊಂಡರು. ಬಾಗಿಲು ಮುಚ್ಚಿತು. ಜೋರಾಗಿಯೂ ಅಲ್ಲ.

ಕೆಳಗೆ ಬಂದವಳು ಬಸ್ಸಿಗೆ ಕಾಯಲಾಗದೆ ಮನೆವರೆಗೂ ನಡೆದೆ. ಒಂದು ಗಂಟೆ ಹತ್ತು ನಿಮಿಷ.

ಸೆಪ್ಟೆಂಬರ್ 30, ಸೋಮವಾರ. ಸ್ಟಾಫ್ ರೂಮ್

ವಿಡಿಯೋ ಅಳಿಸಿದೆ. ಅಳಿಸುವ ಮುಂಚೆ ನೋಡಲಿಲ್ಲ. ಇಲಾಖೆಗೆ ಮೇಲ್: ಆ ಪಾಠದಲ್ಲಿ ಒಂದು ಮಗುವಿಗೆ ನನ್ನಿಂದ ನೋವಾಗಿದೆ, ಅದನ್ನು ಎಲ್ಲೂ ತೋರಿಸುವಂತಿಲ್ಲ, ವಿಡಿಯೋ ಇಲ್ಲ. ಮಾತುಕತೆಗೂ ಬರುವುದಿಲ್ಲ. ನಾಲ್ಕು ಸಾಲು, ಎರಡು ಗಂಟೆ.

ಹೆಡ್ ಮೇಡಂ ತಲೆ ಮೇಲೆ ಕೈ ಹೊತ್ತರು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡ್ರಲ್ಲ! ಆ ಒಂದು ಭಾಗ ಕತ್ತರಿಸಿ ಕಳಿಸಿದ್ರೆ ಆಗ್ತಿರಲಿಲ್ವಾ?"

ಆಗುತ್ತಿತ್ತು. ಅದನ್ನೂ ಯೋಚಿಸಿದ್ದೆ. ಇಡೀ ಭಾನುವಾರ ಅದನ್ನೇ ಯೋಚಿಸಿದ್ದೆ.

ರೇಡಿಯೋ ಎರಡು ವಾರದಿಂದ ಬಾಯಿ ಬಿಟ್ಟಿಲ್ಲ. ಇವತ್ತು ಕರೆದು ಹೇಳಿದೆ, ತಪ್ಪು ನಿನ್ನದಲ್ಲ, ನನ್ನದು ಅಂತ. "ಗೊತ್ತಿರೋದು ಹೇಳಿದ್ರೆ ತಪ್ಪಾ ಮಿಸ್?" ಅಂತ ಅತ್ತಳು. ಗೊತ್ತಿದ್ದೂ ಹೇಳದೆ ಇದ್ದವಳು ನಾನು.

ಅಕ್ಟೋಬರ್ 7, ಸೋಮವಾರ

ಬಂದಳು. ಪ್ರಾರ್ಥನೆ ಮುಗಿಯುವಾಗ ಗೇಟಿನಲ್ಲಿ ಕಂಡಳು. ಕಿಟಕಿ ಪಕ್ಕ ಕೂರಲಿಲ್ಲ. ಗೋಡೆ ಪಕ್ಕ ಕೂತಳು. ಹಾಜರಿಗೆ 'ಎಸ್ ಮಿಸ್' ಅಂದದ್ದು ಬಿಟ್ಟರೆ ಮಾತಿಲ್ಲ. ನಾನು ಹನ್ನೊಂದು ಪುಟ ಓದಿಸಿದೆ. ಕೈಯಿಂದ ಡಸ್ಟರ್ ಜಾರಿ ಬಿತ್ತು. ಅವಳೇ ಎತ್ತಿ ಕೊಟ್ಟಳು. ಮುಖ ನೋಡಲಿಲ್ಲ.

ಅಕ್ಟೋಬರ್ 9, ಬುಧವಾರ. ಸಂಜೆ 5:30

ಮಾತು ಮಾತು ನೆನಪಿರುವಾಗಲೇ ಬರೆಯಬೇಕು. ಅವಳ ಹಾಗೆ ನನಗೆ ಕಿವಿಯಲ್ಲಿ ಉಳಿಯುವುದಿಲ್ಲ.

ಬಿಟ್ಟ ಮೇಲೆ ಕ್ಲಾಸಿನಲ್ಲಿ ನಿಂತೇ ಇದ್ದಳು. ನಾನು ಬೋರ್ಡ್ ಒರೆಸುತ್ತಿದ್ದೆ.

"ಮಿಸ್, ನಿಮಗೆ ಮುಂಚೇನೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳೋಕೆ ಬಿಟ್ರಿ?"

ಒರೆಸಿದ ಬೋರ್ಡನ್ನೇ ಒರೆಸಿದೆ. "ನೀನು ತುಂಬಾ ಚೆನ್ನಾಗಿ ಹೇಳ್ತಿದ್ದೆ," ಅಂದೆ. "ನನ್ನ ಕ್ಲಾಸಿಗೆ ಒಳ್ಳೇ ಹೆಸರು ಬರಲಿ ಅಂತ ಆಸೆ ಬಿತ್ತು. ನಿನ್ನ ಬಗ್ಗೆ ಯೋಚನೆ ಮಾಡ್ಲಿಲ್ಲ."

ಅಂಗಳದಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತಿದ್ದರು.

"ನಿಜವಾಗ್ಲೂ ಚೆನ್ನಾಗಿ ಹೇಳಿದ್ನಾ?"

ಹೌದು ಅಂತ ತಲೆಯಾಡಿಸಿದೆ.

"ಟೈಲರಜ್ಜಿ ಹೇಳಿದ್ರಲ್ಲಿ ಒಂದು ತಪ್ಪಿದೆ ಮಿಸ್," ಅಂದಳು. ಬೆಂಚಿನ ಅಂಚಿಗೆ ಕೂತಳು. ನಾನೂ ಕೂತೆ. "ಅಮ್ಮ ನನ್ನ ಎತ್ಕೊಂಡು ಬಂದಿದ್ದು ಮರುದಿನ ಅಲ್ಲ. ಬೆಂಕಿ ಉರೀತಿರುವಾಗಲೇ. ಅಜ್ಜಿ ಮುಂದಿನ ಗೇಟಲ್ಲಿದ್ರಲ್ಲ, ಅವ್ರಿಗೆ ಕಂಡಿಲ್ಲ. ಹಿಂಬಾಗಿಲಿಂದ."

ಹೇಳಿದಳು. ನಿಧಾನವಾಗಿ. ಅಮ್ಮ ಹೇಳಿದ್ದರಲ್ಲಿ ಒಂದು ಮಾತೂ ಆಚೀಚೆ ಮಾಡದ ಹಾಗೆ.

ಶೆಡ್ಡಿನಲ್ಲಿ ಹೊಗೆ ತುಂಬಿತ್ತು. ಆ ಕಡೆ ತುದಿಯಲ್ಲಿ ಗೆಳತಿ, ಅಂದರೆ ಕಿಟಕಿಯನ್ನು ಹೆತ್ತವಳು; ಈ ಕಡೆ ಕಿಟಕಿಯ ಅಮ್ಮ. ತೊಟ್ಟಿಲ ಕೋಣೆಯ ಸೂರಿಗೂ ಕಿಡಿ ಹತ್ತಿತ್ತು. ಗೆಳತಿ ಅಲ್ಲಿಂದಲೇ ಕೂಗಿದಳಂತೆ, "ಮಗು! ಮಗು!" ಅಂತ. ಅಷ್ಟೇ. ಅಮ್ಮ ಗೆಳತಿಯ ಕಡೆ ಓಡಬಹುದಿತ್ತು, ತೊಟ್ಟಿಲ ಕಡೆ ಓಡಬಹುದಿತ್ತು. ತೊಟ್ಟಿಲ ಕಡೆ ಓಡಿದರು. ಕೂಸನ್ನು ಹೊರಗಿಟ್ಟು ತಿರುಗಿದರೆ ಶೆಡ್ಡು ಕುಸಿದುಬಿಟ್ಟಿತ್ತು.

"ಅಮ್ಮಂಗೆ ಅದೇ ಭಯ ಇತ್ತಂತೆ ಮಿಸ್. ಹೆತ್ತವಳಲ್ಲ ಅಂತ ಗೊತ್ತಾಗುತ್ತೆ ಅಂತಲ್ಲ. 'ನಿನ್ನ ಹೆತ್ತವಳನ್ನ ಬಿಟ್ಟು ನಿನ್ನ ಎತ್ಕೊಂಡು ಬಂದೆ ಅಂತ ಯಾವ ಬಾಯಲ್ಲಿ ಹೇಳ್ಲಿ' ಅಂದ್ರು. ಅಮ್ಮ ಯಾವತ್ತೂ ಅಳೋರಲ್ಲ. ಇದನ್ನ ಹೇಳ್ವಾಗ ಅಷ್ಟು ಅತ್ರು."

"ನೀನೇನಂದೆ?"

"ಇನ್ನೊಂದ್ಸಲ ಹೇಳು ಅಂದೆ. ಅವ್ರು ಮತ್ತೆ ಹೇಳಿದ್ರು. ಮೂರನೇ ಸಲಾನೂ ಹೇಳಿಸಿದೆ. ಆಮೇಲೆ ಅವ್ರ ಕೈ ಹಿಡ್ಕೊಂಡು, ನೀನು ಸರಿಯಾಗೇ ಕೇಳಿಸ್ಕೊಂಡಿದೀಯ ಅಂದೆ. ಅವಳು ನಿಂಗೆ ಹೇಳಿದ್ದು 'ಮಗು' ಅಂತ ತಾನೇ? ನೀನು ಅವಳು ಹೇಳಿದ್ದನ್ನೇ ಮಾಡಿದೀಯ."

ಪರೀಕ್ಷೆಯಲ್ಲಿ ಏಳು ಅಂಕ ಈ ಮಗುವಿಗೆ. ಕೊಟ್ಟವಳು ನಾನು.

ಕೂತ ಬೆಂಚಿನಿಂದ ಇಬ್ಬರೂ ಸ್ವಲ್ಪ ಹೊತ್ತು ಏಳಲಿಲ್ಲ. ನನ್ನ ಕಾಲು ಕೂಡ ಅಲುಗಾಡದೆ ಇತ್ತು, ಎಷ್ಟೋ ದಿನದ ಮೇಲೆ.

"ಇದನ್ನ ಕ್ಲಾಸಲ್ಲಿ ಹೇಳ್ಬೇಕಾ ಮಿಸ್? ತಪ್ಪು ತಿದ್ದೋಕೆ?"

"ಬೇಡ. ಯಾರಿಗೂ ಹೇಳ್ಬೇಕಾಗಿಲ್ಲ."

"ಹೇಳಲ್ಲ," ಅಂದಳು, ಬ್ಯಾಗ್ ಏರಿಸಿಕೊಳ್ಳುತ್ತಾ. "ಇದು ನಂದು. ನಿಮಗೆ ಹೇಳಿದ್ದು ಯಾಕೆ ಅಂದ್ರೆ, ನೀವು ಅವತ್ತು ಬಾಗಿಲಲ್ಲಿ ನಿಂತು ನಿಜ ಹೇಳಿದ್ರಿ. ಆದ್ರೂ ಮಿಸ್, ನಂಗೆ ನಿಮ್ಮ ಮೇಲೆ ಕೋಪ ಹೋಗಿಲ್ಲ."

"ಹೋಗ್ಬೇಕು ಅಂತೇನಿಲ್ಲ."

"ಹೋದ್ರೆ ಹೇಳ್ತೀನಿ."

ಹೋದಳು. ಕಾರಿಡಾರಿನಲ್ಲಿ ಓಡಿದ ಸದ್ದು. ಓಡಬೇಡಿ ಅಂತ ಕೂಗಲಿಲ್ಲ.

ಅಕ್ಟೋಬರ್ 11, ಶುಕ್ರವಾರ. ಬೆಳಗ್ಗೆ 9:40, ಸ್ಟಾಫ್ ರೂಮ್

ಪಾಠ ಐದು. 'ಜನರ ವಲಸೆ'. ಮೂರು ಪ್ಲಾನ್ ಬರೆದೆ, ಮೂರನ್ನೂ ಹರಿದೆ. 'ನಿಮ್ಮ ಮನೆಯವರು ಎಲ್ಲಿಂದ ಬಂದರು?' — ಎಷ್ಟು ಚೆಂದದ ಪ್ರಶ್ನೆ. ಯಾರ ಮನೆಯ ಯಾವ ಬಾಗಿಲಿಗೆ ಹೋಗಿ ಬಡಿಯುತ್ತದೋ. ಹೊಸ ಹುಡುಗಿಯ ತಾತ ಯಾಕೆ ಊರು ಬಿಟ್ಟರು, ನನಗೆ ಗೊತ್ತೇ? ಹಾಗಂತ ಕೇಳದೇ ಇದ್ದರೆ ಮತ್ತೆ ಹನ್ನೊಂದು ಪುಟ. ಮತ್ತೆ ಅದೇ ಐದು ಕೈ.

ಮೊದಲು ಮನೆಗಳಿಗೆ ನಾನೇ ಹೋಗಬೇಕು. ಮೂವತ್ತಾರು ಮನೆ. ಏನು ಕೇಳಬಹುದು, ಏನು ಕೇಳಬಾರದು ಅಂತ ಮೊದಲು ದೊಡ್ಡವರನ್ನು ಕೇಳಬೇಕು. ದಿನಕ್ಕೆ ಮೂರು ಅಂದರೂ... ಹೆಡ್ ಮೇಡಂ ಒಪ್ಪುವುದಿಲ್ಲ. ಇವರು ಅಂದರು, "ನಡಿ, ನನ್ನ ರೂಟಿನಲ್ಲೇ ಅರ್ಧ ಮನೆ ಬರುತ್ತೆ. ಗೇಟು ಯಾವ ಕಡೆ ತೆಗೆಯುತ್ತೆ ಅಂತಾದ್ರೂ ಹೇಳ್ಕೊಡ್ತೀನಿ."

ಮೊದಲ ಮನೆ ಯಾವುದು ಅಂತ ಪಟ್ಟಿ ಮಾಡುತ್ತಾ ಕೂತಿದ್ದೆ, ಆಯಾ ಬಂದು ಹೇಳಿದಳು. ಕಿಟಕಿಯ ಅಮ್ಮ ಬಂದಿದ್ದಾರೆ. ಒಬ್ಬರೇ. ಕೆಲಸಕ್ಕೆ ರಜೆ ಹಾಕಿ. ಗೇಟಿನ ಹತ್ತಿರ ನಿಂತಿದ್ದಾರೆ, ಒಳಗೆ ಬನ್ನಿ ಅಂದರೂ ಬರುತ್ತಿಲ್ಲ, ಮಿಸ್ಸೇ ಬರಲಿ ಅನ್ನುತ್ತಿದ್ದಾರಂತೆ. ಇಲ್ಲಿಂದಲೇ ಕಾಣುತ್ತಾರೆ. ಕೈ ಕಟ್ಟಿಕೊಂಡು, ನೆಟ್ಟಗೆ. ಬೈಯೋಕೋ, ಬೇರೆ ಯಾವುದಕ್ಕೋ. ಎರಡಕ್ಕೂ ತಯಾರಿದ್ದೇನೆ ಅಂತ ಬರೆಯಲು ಹೊರಟೆ. ಇಲ್ಲ, ತಯಾರಿಲ್ಲ. ಹೋಗುತ್ತೇನೆ. ಮೊದಲು ಅವರ ಮಾತು ಕೇಳಬೇಕು, ಪೂರ್ತಿ, ನಡುವೆ ಬಾಯಿ ಹಾಕದೆ, ಆಮೇಲೆ ನಾನು ಹೇಳಬೇಕಾದ್ದು. ಪೆನ್ನು ಮುಚ್ಚಿದೆ.